ಎಲ್‌ಎಲ್‌ಆರ್ ಅರ್ಜಿಯ ಆ ಒಂದು ಪ್ರಶ್ನೆಗೆ ನೀವು ಏನು ಹಾಕಿದ್ದೀರಿ?

ತುಂಗಾತೀರ: ಮೊನ್ನೆ ತಂಗಿಗೆ ಎಲ್‌ಎಲ್‌ಆರ್ (ಗಾಡಿ ಕಲಿಯುವ ಲೈಸೆನ್ಸ್) ಮಾಡಿಸಲು ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ತುಂಬುತ್ತಿದ್ದೆ. ವಿಳಾಸ, ರಕ್ತದ ಗುಂಪು, ಮೈಮೇಲಿನ ಮಚ್ಚೆ ಎಲ್ಲ ಕೇಳಿ, ನಡುವೆ ಒಂದು ಪ್ರಶ್ನೆ. ಅಪಘಾತದಲ್ಲಿ ಸತ್ತರೆ ಅಂಗಾಂಗ ದಾನಕ್ಕೆ ಒಪ್ಪಿಗೆ ಇದೆಯಾ? "ಏನು ಹಾಕ್ಲಿ ಅಣ್ಣಾ?" ಅಂದಳು ತಂಗಿ. ಥಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಡಿಎಲ್ ತೆಗೆದು ನೋಡಿದೆ. 'ಆರ್ಗನ್ ಡೋನರ್' ಅನ್ನುವುದರ ಪಕ್ಕದಲ್ಲಿ 'ಎನ್' ಇದೆ. ಬೇಡ ಅಂತ ನಾನು ಯಾವಾಗ ಹೇಳಿದೆ? ನೆನಪೇ ಇಲ್ಲ.

ನನ್ನ ಪ್ರಕಾರ ಅಲ್ಲಿ 'ಹೌದು' ಅಂತ ಮೊದಲೇ ಟಿಕ್ ಬಿದ್ದಿರಬೇಕು. ಬೇಡದವರು ತೆಗೆದುಹಾಕಲಿ. ನಮ್ಮ ದೇಶದಲ್ಲಿ ಸತ್ತ ಮೇಲೆ ಅಂಗ ಕೊಡುವವರು ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಒಬ್ಬರೂ ಸಿಗುವುದಿಲ್ಲ. ಸ್ಪೇನ್‌ನಲ್ಲಿ 40ಕ್ಕಿಂತ ಜಾಸ್ತಿ. ಏನಂತೀರಿ?

ಕ್ಲಚ್ ಮೇಷ್ಟ್ರು: ಆ 'ಎನ್' ಹಾಕಿದ್ದು ನನ್ನಂಥವನೇ ಇರಬೇಕು, ಬೇಜಾರಾಗಬೇಡಿ. ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಅರ್ಜಿ ತುಂಬುವುದು ನಮ್ಮ ಹುಡುಗರೇ. ಆ ಪ್ರಶ್ನೆ ಬಂದರೆ ಕಣ್ಣುಮುಚ್ಚಿ 'ಇಲ್ಲ'. ಮೊದಲು ಕೇಳುತ್ತಿದ್ದೆವು. ಒಂದು ದಿನ ಮಗಳ ಜೊತೆ ಬಂದಿದ್ದ ತಾಯಿ, "ಗಾಡಿ ಕಲಿಯೋಕೆ ಬಂದ್ರೆ ಸಾಯೋ ಮಾತಾಡ್ತೀರಲ್ಲ, ಬಿಡ್ತು ಅನ್ನಿ" ಅಂತ ಕಾಗದ ಕಿತ್ತುಕೊಂಡು ಹೊರಟೇಬಿಟ್ಟರು. ಮುಂದಿನ ಬೀದಿಯ ಸ್ಕೂಲಿಗೆ ಸೇರಿದರು ಅಂತ ಆಮೇಲೆ ಗೊತ್ತಾಯಿತು. ಅವತ್ತಿಂದ ಆ ಉಸಾಬರಿಯೇ ಬೇಡ ಅಂತ ಬಿಟ್ಟೆ.

ಬೆಣ್ಣೆದೋಸೆ: ಒಳ್ಳೆಯದೇ ಮಾಡಿದ್ದೀರಿ ಮೇಷ್ಟ್ರೇ. ಡಿಎಲ್‌ನಲ್ಲಿ 'ಹೌದು' ಅಂತಿದ್ದರೆ ಆಸ್ಪತ್ರೆಯವರು ನಮ್ಮನ್ನು ಉಳಿಸಲು ಒದ್ದಾಡುತ್ತಾರಾ? ನಮ್ಮ ಚಿಕ್ಕಪ್ಪ ಐಸಿಯುನಲ್ಲಿದ್ದಾಗ ಐದು ದಿನ ಬಿಲ್ ಮಾತ್ರ ಏರುತ್ತಿತ್ತು. ಏನಾಗುತ್ತಿದೆ ಅಂತ ಒಬ್ಬರೂ ಬಾಯಿಬಿಡಲಿಲ್ಲ. ಅಂಥವರ ಕೈಗೆ ಇನ್ನೊಂದು ಕಾರಣ ಬೇರೆ ಕೊಡಬೇಕಾ? ಕಿಡ್ನಿ ಮಾರಾಟದ ದಂಧೆ ನಡೆದದ್ದು ಇದೇ ದೇಶದಲ್ಲಿ ಸ್ವಾಮಿ.

ರಾತ್ರಿ ಪಾಳಿ: ನಾನು ಐಸಿಯು ನರ್ಸ್. ದೋಸೆಯವರೇ, ನಿಮ್ಮ ಚಿಕ್ಕಪ್ಪನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಮನೆಯವರ ಹತ್ತಿರ ಮಾತಾಡದೇ ಇರುವುದು ನಮ್ಮ ಕಡೆಯ ದೊಡ್ಡ ತಪ್ಪು. ಆದರೆ ದಂಧೆ ಅಂದಿರಲ್ಲ, 1994ರ ಅಂಗಾಂಗ ಕಸಿ ಕಾಯ್ದೆ ಬಂದದ್ದೇ ಅದನ್ನು ತಡೆಯಲು.

ಅಂಗ ತೆಗೆಯುವ ಮೊದಲು, ಮಿದುಳು ಸತ್ತಿದೆ ಅಂತ ಒಬ್ಬ ಡಾಕ್ಟರ್ ಬರೆದುಕೊಟ್ಟರೆ ನಡೆಯುವುದಿಲ್ಲ. ನಾಲ್ವರು ಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಗಂಟಲು ಕೆಣಕುತ್ತಾರೆ. ಕೊನೆಗೆ ವೆಂಟಿಲೇಟರ್ ತಪ್ಪಿಸಿ, ತಾನಾಗಿ ಒಂದು ಉಸಿರಾದರೂ ಎಳೆಯುತ್ತಾರಾ ಅಂತ ಕಾಯುತ್ತಾರೆ. ಕಡಿಮೆ ಅಂದರೆ ಆರು ಗಂಟೆ ಬಿಟ್ಟು ಇದೆಲ್ಲ ಮತ್ತೆ ಮೊದಲಿಂದ. ಆ ಉಸಿರಿಗಾಗಿ ಕಾಯುವಾಗ ನಾವೂ ಉಸಿರು ಬಿಗಿಹಿಡಿದಿರುತ್ತೇವೆ.

ಇಷ್ಟು ವರ್ಷದಲ್ಲಿ ಯಾರ ಜೇಬಿನಿಂದಲೂ ಡಿಎಲ್ ತೆಗೆದು 'ಹೌದು' ಇದೆಯಾ ಅಂತ ನಾನು ನೋಡಿಲ್ಲ. ನಾವು ಕೇಳುವುದು ಹೊರಗೆ ಕೂತಿರುವ ಹೆಂಡತಿಯನ್ನು, ಅಪ್ಪನನ್ನು. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ತುಂಗಾತೀರ: ಹಾಗಾದರೆ ಟಿಕ್ ಹಾಕಿ ಏನು ಪ್ರಯೋಜನ?

ಫ್ರೀಮಾಂಟ್ ಸೊಸೆ: ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್‌ಗೆ ಹೋದಾಗ ನನ್ನನ್ನೂ ಕೇಳಿದರು. 'ಹೌದು' ಅಂದೆ, ಕಾರ್ಡಿನಲ್ಲಿ ಗುಲಾಬಿ ಬಣ್ಣದ ಚುಕ್ಕೆ ಬಂತು. ಇಲ್ಲಿ ಹೆಸರು ನೋಂದಾಯಿಸುವವರಲ್ಲಿ ಹೆಚ್ಚಿನವರು ಹೀಗೆ ಲೈಸೆನ್ಸ್ ಕೌಂಟರಿನಲ್ಲೇ ನೋಂದಾಯಿಸುವುದು. ದೊಡ್ಡ ವ್ಯತ್ಯಾಸ ಏನಂದರೆ, 18 ದಾಟಿದವರು ಒಪ್ಪಿದ್ದರೆ ಆಮೇಲೆ ಮನೆಯವರು ಬೇಡ ಅನ್ನುವಂತಿಲ್ಲ. ಕಾನೂನೇ ಹಾಗಿದೆ. ಅತ್ತೆಗೆ ಫೋನಿನಲ್ಲಿ ಹೇಳಿದೆ. ಮೂರು ದಿನ ಮಾತು ಬಿಟ್ಟಿದ್ದರು 🙂

ಬೆಣ್ಣೆದೋಸೆ: ಮನೆಯವರ ಮಾತಿಗೆ ಬೆಲೆಯೇ ಇಲ್ಲವಾ? ಇಲ್ಲಿ ಹಾಗೆ ಮಾಡಿದರೆ ಆಸ್ಪತ್ರೆಯ ಗಾಜು ಉಳಿಯುವುದಿಲ್ಲ.

ವಾರಕ್ಕೆ ಮೂರು ಸಲ: ನಮ್ಮ ಯಜಮಾನರಿಗೆ ಡಯಾಲಿಸಿಸ್. ಹೆಸರು ನೋಡಿದರೆ ಗೊತ್ತಾಗುತ್ತದಲ್ಲ. ನನ್ನದೇ ಕಿಡ್ನಿ ಕೊಡೋಣ ಅಂತ ಹೋದೆ. ನನಗೂ ಶುಗರ್ ಇದೆ ಅಂತ ಅವತ್ತೇ ಗೊತ್ತಾಯಿತು. ಈಗ ರಾಜ್ಯದಲ್ಲಿ ಅಂಗಾಂಗ ಹಂಚುವ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದೆ, ಕಾಯುತ್ತಿದ್ದೇವೆ. ನಮ್ಮ ದೇಶದಲ್ಲಿ ಕಸಿಗೆ ಸಿಗುವ ಕಿಡ್ನಿಗಳಲ್ಲಿ ಹೆಚ್ಚಿನವು ಬದುಕಿರುವವರು ಕೊಟ್ಟವು. ಅವರಲ್ಲೂ ಹೆಂಗಸರೇ ಜಾಸ್ತಿ. ಹೆಂಡತಿ, ಅಮ್ಮ, ಅಕ್ಕ. ಸತ್ತವರ ಜೊತೆ ಸುಟ್ಟು ಹೋಗುವುದನ್ನು ಕೊಡಿ ಅಂದರೆ ಇಷ್ಟು ವಾದ. ಬದುಕಿರುವ ಹೆಂಗಸಿನ ಹೊಟ್ಟೆ ಕೊಯ್ಯುವಾಗ ಯಾರೂ ಚರ್ಚೆ ಮಾಡುವುದಿಲ್ಲ.

ಆಸೆಪಡುವುದಕ್ಕೂ ಹಿಂಸೆ ಆಗುತ್ತದೆ. ಪಟ್ಟಿಯಲ್ಲಿ ಮುಂದೆ ಹೋಗಬೇಕು ಅಂದರೆ ಯಾವುದೋ ಮನೆಯಲ್ಲಿ ಸಾವಾಗಬೇಕು.

ಹಳೇ ಪಂಚಾಂಗ: ತಾಯಿ, ನಿಮ್ಮ ಮಾತು ಓದಿ ಸಂಕಟವಾಯಿತು. ನನ್ನದು ವಿರೋಧ ಅಲ್ಲ, ಪ್ರಶ್ನೆ. ದಯವಿಟ್ಟು ಯಾರೂ ದಧೀಚಿ ಕಥೆ ಹೇಳಬೇಡಿ, ಎಲ್ಲ ಪೋಸ್ಟರ್‌ನಲ್ಲೂ ಅವನೇ ಇದ್ದಾನೆ. ನಮ್ಮೂರ ಕಡೆ ಭಯ ಇರುವುದು ಬೇರೆ. ದೇಹ ಯಾವಾಗ ಕೈಗೆ ಕೊಡುತ್ತಾರೆ? ಹೇಗೆ ಕೊಡುತ್ತಾರೆ? ಅಪಘಾತ ಅಂದರೆ ಪೊಲೀಸ್, ಪೋಸ್ಟ್‌ಮಾರ್ಟಂ ಬೇರೆ. ಮಕ್ಕಳು ಮಡಿಯಲ್ಲಿ ಕಾದು ಕೂತಿರುತ್ತಾರೆ.

ರಾತ್ರಿ ಪಾಳಿ: ಅಜ್ಜ, ಸರಿಯಾದ ಪ್ರಶ್ನೆ. ತಡ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಎರಡು ಸಲ ಪರೀಕ್ಷೆ, ಪೊಲೀಸರ ಕಾಗದ, ಅಂಗ ಪಡೆಯುವ ತಂಡ ಬರುವುದು ಎಲ್ಲ ಸೇರಿ ಒಂದು ದಿನವೇ ಹಿಡಿಯಬಹುದು. ದೇಹವನ್ನು ಬೇರೆ ಯಾವ ಆಪರೇಷನ್‌ನಲ್ಲಿ ಹೊಲಿಯುತ್ತಾರೋ ಹಾಗೆಯೇ ಹೊಲಿದು ಕೊಡುತ್ತಾರೆ. ಬಟ್ಟೆ ಹಾಕಿದ ಮೇಲೆ ಏನೂ ಕಾಣುವುದಿಲ್ಲ. ಇನ್ನೊಂದು ವಿಷಯ, ಮನೆಯವರು ಒಪ್ಪಿದ ಮೇಲೆ ಅಂಗ ತೆಗೆಯುವವರೆಗಿನ ಖರ್ಚನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ನಿಯಮದಲ್ಲೇ ಇದೆ. ಅದಕ್ಕೂ ಮೊದಲಿನ ಚಿಕಿತ್ಸೆಯ ಬಿಲ್ ಮಾತ್ರ ಕಟ್ಟಬೇಕು. ಎಷ್ಟೋ ಜಗಳ ಶುರುವಾಗುವುದು ಅಲ್ಲೇ.

ತುಂಗಾತೀರ ಅವರೇ, ಟಿಕ್‌ನಿಂದ ಏನು ಪ್ರಯೋಜನ ಅಂತ ಕೇಳಿದಿರಿ. ಒಂದು ಸಲ ಒಬ್ಬ ಹುಡುಗನ ಅಪ್ಪನ ಹತ್ತಿರ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವನು ಏನಂತಿದ್ನೋ ಗೊತ್ತಿಲ್ವಲ್ಲಮ್ಮ" ಅಂದರು. ಆಮೇಲೆ ಬೇಡ ಅಂದರು. ಅವರ ಹತ್ತಿರ ಧರ್ಮದ ಮಾತಾಗಲಿ ಅನುಮಾನವಾಗಲಿ ಇರಲಿಲ್ಲ. ಮಗನ ಮನಸ್ಸು ಗೊತ್ತಿರಲಿಲ್ಲ, ಅಷ್ಟೇ. ಟಿಕ್ ಹಾಕಿದವರು ಅವತ್ತೇ ಮನೆಗೆ ಹೋಗಿ ಹೇಳಿದರೆ ಪ್ರಯೋಜನ ಉಂಟು. ಸುಮ್ನೆ ಕಾರ್ಡಿನಲ್ಲಿ ಕೂತಿದ್ದರೆ ಇಲ್ಲ.

ಫ್ರೀಮಾಂಟ್ ಸೊಸೆ: ಸ್ಪೇನ್ ಕಥೆಯೂ ಇದೇ. ಬೇಡ ಅನ್ನದಿದ್ದರೆ ಒಪ್ಪಿಗೆ ಇದ್ದಂತೆ ಅನ್ನುವ ಕಾನೂನು ಅಲ್ಲಿ 1979ರಲ್ಲೇ ಬಂತು. ಆದರೂ ಇವತ್ತಿಗೂ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಅಲ್ಲಿ ಕೆಲಸ ಮಾಡಿದ್ದು, 1989ರಿಂದ ಆಸ್ಪತ್ರೆಗಳಲ್ಲಿ ತರಬೇತಿ ಕೊಟ್ಟು ಕೂರಿಸಿದ, ಮನೆಯವರ ಜೊತೆ ಮಾತಾಡುವ ಅಂಗದಾನ ಸಂಯೋಜಕರು. ಮೊದಲೇ 'ಹೌದು' ಅಂತ ಟಿಕ್ ಹಾಕಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಭ್ರಮೆ.

ಕ್ಲಚ್ ಮೇಷ್ಟ್ರು: ಅಪ್ಪು ತೀರಿಕೊಂಡಾಗ, 2021ರಲ್ಲಿ, ನಮ್ಮ ಹುಡುಗರೆಲ್ಲ ಸಾಲು ನಿಂತು ಕಣ್ಣುದಾನಕ್ಕೆ ಹೆಸರು ಬರೆಸಿದರು. ಅದೇ ವರ್ಷ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ ಮನೆಯವರು ಅಂಗಾಂಗ ದಾನ ಮಾಡಿದರು. ಆಗೆಲ್ಲ ನಮ್ಮ ಆಫೀಸಿನಲ್ಲಿ ಇದೇ ಮಾತು. ಆದರೆ ಅರ್ಜಿಯಲ್ಲಿ ಅದೇ ಹುಡುಗರಿಗೆ ನಾನು 'ಇಲ್ಲ' ಒತ್ತುತ್ತಾ ಕೂತಿದ್ದೆ. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಇನ್ನು ಮೇಲೆ ಆ ಒಂದು ಪ್ರಶ್ನೆಗೆ ಮೊಬೈಲನ್ನು ಅವರ ಕೈಗೇ ಕೊಡುತ್ತೇನೆ. ತಾಯಂದಿರು ಬೈದರೆ ಬೈಯಲಿ.

ಬೆಣ್ಣೆದೋಸೆ: ಮೇಷ್ಟ್ರು ಕೇಳುವುದಕ್ಕೆ ನನ್ನ ತಕರಾರಿಲ್ಲ. ಮೊದಲೇ ಟಿಕ್ ಹಾಕಿಡುವುದಕ್ಕೆ ಮಾತ್ರ ವಿರೋಧ. ನನ್ನದು ಸದ್ಯಕ್ಕೆ 'ಇಲ್ಲ'. ನಾಲ್ಕು ಡಾಕ್ಟರ ವಿಷಯ ಚಿಕ್ಕಪ್ಪನ ಮಗನಿಗೆ ಕಳಿಸಿದ್ದೇನೆ.

ತುಂಗಾತೀರ: ಸರಿ, ಮೊದಲೇ ಟಿಕ್ ಹಾಕಿಡಬೇಕು ಅನ್ನುವ ಮಾತು ವಾಪಸ್ ತಗೊಂಡೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದೆವು. ತಂಗಿ 'ಹೌದು' ಹಾಕಿದ್ದಾಳೆ. ಅಪ್ಪ ಸಾರು ಬಡಿಸಿಕೊಂಡು ಏನೂ ಅನ್ನದೆ ಎದ್ದು ಹೋದರು. ಅಮ್ಮ ಪಾತ್ರೆ ತೊಳೆಯುತ್ತಾ, "ನಂಗೆ ಪೊರೆ ಆಪರೇಷನ್ ಆಗಿದೆಯಲ್ಲ, ನನ್ನ ಕಣ್ಣು ತಗೋತಾರಾ?" ಅಂತ ಕೇಳಿದರು.

ರಾತ್ರಿ ಪಾಳಿ: ತಗೊಳ್ಳುತ್ತಾರೆ. ಪೊರೆ ಬರುವುದು ಒಳಗಿನ ಲೆನ್ಸಿಗೆ, ದಾನಕ್ಕೆ ಬೇಕಾಗುವುದು ಮುಂದಿನ ಕಾರ್ನಿಯಾ. ಕಣ್ಣಿಗೆ ಐಸಿಯು, ವೆಂಟಿಲೇಟರ್ ಯಾವುದೂ ಬೇಡ. ಮನೆಯಲ್ಲೇ ತೀರಿಕೊಂಡರೂ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಕಣ್ಣಿನ ಬ್ಯಾಂಕಿಗೆ ಕೂಡಲೇ ಫೋನ್ ಹೋಗಬೇಕು, ಅವರು ಬರುವವರೆಗೆ ಫ್ಯಾನ್ ಆರಿಸಿ ರೆಪ್ಪೆ ಮುಚ್ಚಿಡಬೇಕು. ಅಮ್ಮನಿಗೆ ನಿಧಾನವಾಗಿ ಹೇಳಿ. ಅಪ್ಪನಿಗೂ ಕೇಳಿಸಲಿ.