ಸಹಾಯ ಬೇಕು: ಸಿಟಿ ಸ್ಕ್ಯಾನ್ ನೋಡಿ ಶ್ವಾಸಕೋಶದ ಕ್ಯಾನ್ಸರ್ ಹರಡುವುದನ್ನು ಊಹಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್ ಮಿದುಳು, ಮೂಳೆ, ಲಿವರ್‌ಗೆ ಹರಡುವ ಸಾಧ್ಯತೆಯನ್ನು ಮೊದಲ ಸಿಟಿ ಸ್ಕ್ಯಾನ್‌ನಿಂದಲೇ ಅಂದಾಜು ಮಾಡುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಗಡ್ಡೆಯ ಆಕಾರ, ಟೆಕ್ಸ್ಚರ್ (ಒಳಗಿನ ಬಣ್ಣದ ಏರಿಳಿತ) ಎಲ್ಲ ಪೈರೇಡಿಯೋಮಿಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಅಳೆಯುತ್ತೇನೆ.

ತೊಂದರೆ ಇರುವುದು ಸ್ಲೈಸ್ (ಸ್ಕ್ಯಾನ್‌ನ ಒಂದೊಂದು ಪದರ) ದಪ್ಪದಲ್ಲಿ. ಒಂದು ಸ್ಕ್ಯಾನ್ 1 ಮಿ.ಮೀ., ಇನ್ನೊಂದು 5 ಮಿ.ಮೀ. ದಪ್ಪ ಸ್ಲೈಸ್‌ನಲ್ಲಿ ಗಡ್ಡೆಯ ಅಂಚಿನ ಮುಳ್ಳುಮುಳ್ಳು ಎಳೆಗಳು ಮಸುಕಾಗಿ, ಅಂಚೇ ನುಣುಪಾಗಿ ಕಾಣುತ್ತದೆ. ನನಗೆ ಜಾಸ್ತಿ ಬೇಕಾಗಿರುವುದೇ ಆ ಅಂಚು. ಎಲ್ಲ ಸ್ಕ್ಯಾನ್‌ಗಳನ್ನೂ ಒಂದೇ ಅಳತೆಗೆ ರೀಸ್ಯಾಂಪಲ್ ಮಾಡಿದರೂ (ಒಂದೇ ಗಾತ್ರದ ಚುಕ್ಕಿಗಳಿಗೆ ಬದಲಿಸಿದರೂ) ಕಳೆದುಹೋದ ವಿವರ ವಾಪಸ್ ಬರುವುದಿಲ್ಲ ಅಲ್ವಾ? ದಪ್ಪ ಸ್ಲೈಸ್‌ಗಳನ್ನು ಬಿಟ್ಟುಬಿಡಲೇ, ಇಲ್ಲ ಕಾಂಬ್ಯಾಟ್ (ಬೇರೆ ಬೇರೆ ಸ್ಕ್ಯಾನ್‌ಗಳಿಂದ ಬರುವ ಅಳತೆಯ ವ್ಯತ್ಯಾಸ ಸರಿಪಡಿಸುವ ಲೆಕ್ಕದ ವಿಧಾನ) ಬಳಸಿ ಸರಿದೂಗಿಸಲೇ?

ಗಡ್ಡೆಯ ಸುತ್ತಲಿನ ಭಾಗವನ್ನೂ ಸೇರಿಸಿ ಅಳೆದವರಿದ್ದರೆ, ಎಷ್ಟು ಮಿ.ಮೀ. ಅಗಲ ತೆಗೆದುಕೊಂಡಿರಿ? ಯಾರಿಗೆ ಮಿದುಳಿನ ಎಂಆರ್‌ಐ ಬೇಗ ಮಾಡಿಸಬೇಕು ಅನ್ನುವ ಸುಳಿವು ಇದರಿಂದ ಸಿಗಲಿ ಅನ್ನುವುದೇ ನನ್ನ ಆಸೆ. ರೇಡಿಯಾಲಜಿ ಗೊತ್ತಿರುವವರು ದಯವಿಟ್ಟು ಹೇಳಿ.