ಹಳೆಯ ವರ್ಚುವಲ್ ಗೇಟ್‌ವೇ ವಿಳಾಸವನ್ನು ಯಾವ ಸಾಧನಗಳು ಇನ್ನೂ ಬಳಸುತ್ತಿವೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ:

ನಮ್ಮ ಒಂದು ವಿಲ್ಯಾನ್‌ನಲ್ಲಿ (ಸ್ವಿಚ್‌ನಲ್ಲಿ ಪ್ರತ್ಯೇಕಿಸಿದ ವರ್ಚುವಲ್ ಜಾಲ) ಎರಡು ರೂಟರ್‌ಗಳು ವಿಆರ್‌ಆರ್‌ಪಿ (ಒಂದು ರೂಟರ್ ನಿಂತರೆ ಇನ್ನೊಂದು ಅದರ ಕೆಲಸ ವಹಿಸಿಕೊಳ್ಳುವ ವಿಧಾನ) ಮೂಲಕ 192.168.20.1 ಎಂಬ ವರ್ಚುವಲ್ ವಿಳಾಸವನ್ನು ಹಂಚಿಕೊಂಡಿವೆ. ಗುಂಪಿನ ಸಂಖ್ಯೆ 20. ಈಗ ಅದೇ ವಿಲ್ಯಾನ್‌ನಲ್ಲಿ ಫೈರ್‌ವಾಲ್ ಜೋಡಿಯೊಂದು 192.168.20.254 ವಿಳಾಸದಲ್ಲಿ ಗೇಟ್‌ವೇ (ಬೇರೆ ಜಾಲಗಳಿಗೆ ಹೋಗುವ ದಾರಿ) ಆಗಿ ಕೆಲಸ ಮಾಡುತ್ತಿದ್ದು, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸಗಳನ್ನು ತಾನಾಗಿ ಕೊಡುವ ಸೇವೆ) ಕೂಡ ಹೊಸ ವಿಳಾಸವನ್ನೇ ಕೊಡುತ್ತಿದೆ. ಆದರೆ ಕೈಯಾರೆ ವಿಳಾಸ ನಮೂದಿಸಿದ ಪ್ರಿಂಟರ್, ಕ್ಯಾಮೆರಾ ಮತ್ತು ಯುಪಿಎಸ್‌ಗಳು ಎಷ್ಟಿವೆ ಎಂಬ ಪೂರ್ಣ ದಾಖಲೆ ಇಲ್ಲ. ರೂಟರ್‌ನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ವಿಳಾಸ ಯಾವ ಹಾರ್ಡ್‌ವೇರ್ ವಿಳಾಸದ್ದು ಎಂಬ ಪಟ್ಟಿ) ಬಹುತೇಕ ಎಲ್ಲ ಸಾಧನಗಳೂ ಕಾಣಿಸುತ್ತಿವೆ. ಅವೆಲ್ಲ ಹಳೆಯ ಗೇಟ್‌ವೇಯನ್ನೇ ನಂಬಿಕೊಂಡಿವೆ ಎಂದು ಇದರಿಂದ ತೀರ್ಮಾನಿಸಬಹುದೇ?

ಮೊದಲ ಉತ್ತರ:

ತೀರ್ಮಾನಿಸಲಾಗದು. ಬೇರೆ ಸಬ್‌ನೆಟ್‌ನಿಂದ (ಐಪಿ ವಿಳಾಸಗಳ ಇನ್ನೊಂದು ವ್ಯಾಪ್ತಿಯಿಂದ) ಬಂದ ಪ್ಯಾಕೆಟ್ಟನ್ನು ಒಂದು ಸಾಧನಕ್ಕೆ ತಲುಪಿಸಬೇಕಾದಾಗಲೂ ರೂಟರ್ ಅದರ ಮ್ಯಾಕ್ (ಹಾರ್ಡ್‌ವೇರ್) ವಿಳಾಸವನ್ನು ಕೇಳಿ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆ ಸಾಧನ ಉತ್ತರವನ್ನು ಯಾವ ಗೇಟ್‌ವೇಗೆ ಕಳುಹಿಸಿತು ಎಂಬುದು ಎಆರ್‌ಪಿ ಪಟ್ಟಿಗೆ ಗೊತ್ತಿರುವುದಿಲ್ಲ. ಅದೂ ಅಲ್ಲದೆ, ಸಿಸ್ಕೋ ರೂಟರ್‌ಗಳಲ್ಲಿ ಒಂದು ನಮೂದು ಪೂರ್ವನಿಯೋಜಿತವಾಗಿ 4 ಗಂಟೆ ಉಳಿಯುತ್ತದೆ.

ನೋಡಬೇಕಾದದ್ದು ಚೌಕಟ್ಟಿನ (ಪ್ಯಾಕೆಟ್ಟನ್ನು ಹೊತ್ತ ಫ್ರೇಮ್‌ನ) ಗುರಿ ಮ್ಯಾಕ್ ವಿಳಾಸವನ್ನು. ವಿಆರ್‌ಆರ್‌ಪಿ ಗುಂಪಿಗೆ ತನ್ನದೇ ವರ್ಚುವಲ್ ಮ್ಯಾಕ್ ಇರುತ್ತದೆ, ಅದರ ಕೊನೆಯ ಬೈಟ್ ಗುಂಪಿನ ಸಂಖ್ಯೆಯನ್ನು ಹೆಕ್ಸ್‌ನಲ್ಲಿ ಹೇಳುತ್ತದೆ. ನಿಮ್ಮ 20ನೇ ಗುಂಪಿಗೆ ಅದು 00:00:5E:00:01:14. ಮಾಸ್ಟರ್ ರೂಟರ್‌ನ (ಸದ್ಯ ವರ್ಚುವಲ್ ವಿಳಾಸವನ್ನು ನಿರ್ವಹಿಸುತ್ತಿರುವ ರೂಟರ್) ಪೋರ್ಟನ್ನು ಸ್ವಿಚ್‌ನಲ್ಲಿ ಮಿರರ್ ಮಾಡಿ (ಅದರ ಸಂಚಾರದ ನಕಲು ಇನ್ನೊಂದು ಪೋರ್ಟ್‌ಗೆ ಬರುವಂತೆ ಮಾಡಿ), ಗುರಿ ಮ್ಯಾಕ್ ಇದೇ ಆಗಿದ್ದು ಗುರಿ ಐಪಿ ಮಾತ್ರ 192.168.20.1 ಆಗಿರದ ಪ್ಯಾಕೆಟ್‌ಗಳನ್ನಷ್ಟೇ ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಸಲಕರಣೆ) ಸೋಸಿ ತೆಗೆಯಿರಿ. ಸುಮ್ಮನೆ ಆ ವಿಳಾಸವನ್ನು ಪಿಂಗ್ ಮಾಡುವ ಮಾನಿಟರಿಂಗ್ ಸರ್ವರ್ ಇದರಿಂದ ಹೊರಗುಳಿಯುತ್ತದೆ. ಉಳಿದವು ನಿಜವಾಗಿಯೂ ಆ ರೂಟರ್ ಮೂಲಕ ಹೊರಹೋಗುತ್ತಿರುವ ಸಾಧನಗಳು. ಮಾಸ್ಟರ್ ಬದಲಾಗುವ ಸಾಧ್ಯತೆ ಇರುವುದರಿಂದ ಎರಡೂ ಪೋರ್ಟ್‌ಗಳ ಮೇಲೆ ಕಣ್ಣಿಡುವುದು ಒಳ್ಳೆಯದು. ರೂಟರ್‌ನಲ್ಲೇ ಲಾಗ್ ಆಗುವ ಎಸಿಎಲ್ (ಪ್ಯಾಕೆಟ್‌ಗಳನ್ನು ಬಿಡುವ ಅಥವಾ ತಡೆಯುವ ನಿಯಮಗಳ ಪಟ್ಟಿ) ಹಾಕುವ ದಾರಿಯೂ ಇದೆಯಾದರೂ, ಹಲವು ಸಾಧನಗಳಲ್ಲಿ ಅದು ಪ್ಯಾಕೆಟ್‌ಗಳನ್ನು ಸಿಪಿಯುಗೆ ತಳ್ಳುತ್ತದೆ, ಹಾಗಾಗಿ ದಟ್ಟಣೆಯ ಜಾಲದಲ್ಲಿ ನಾನು ಅದನ್ನು ಸೂಚಿಸುವುದಿಲ್ಲ.

ಎರಡನೆಯ ಉತ್ತರ:

ಮೇಲಿನ ವಿಧಾನ ಸರಿಯಾದದ್ದೇ, ಆದರೆ ಅದು ಮಾತನಾಡುವ ಸಾಧನಗಳನ್ನು ಮಾತ್ರ ಹಿಡಿಯುತ್ತದೆ. ತಾನಾಗಿ ಯಾರನ್ನೂ ಸಂಪರ್ಕಿಸದ ಯುಪಿಎಸ್ ಕಾರ್ಡ್ ವಾರಗಟ್ಟಲೆ ಮೌನವಾಗಿರಬಹುದು. ಅಂಥವನ್ನು ಮಾತನಾಡಿಸಬೇಕು: ಬೇರೆ ಸಬ್‌ನೆಟ್‌ನ ಯಂತ್ರವೊಂದರಿಂದ ಇಡೀ 192.168.20.0/24 ವ್ಯಾಪ್ತಿಯನ್ನು ಪಿಂಗ್ ಮಾಡಿ, ಉತ್ತರಗಳು ಯಾವ ಮ್ಯಾಕ್‌ಗೆ ಹೋಗುತ್ತಿವೆ ಎಂದು ಮಿರರ್ ಪೋರ್ಟ್‌ನಲ್ಲಿ ಗಮನಿಸಿ. ಅದೇ ಸಬ್‌ನೆಟ್‌ನಿಂದ ಪಿಂಗ್ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಉತ್ತರಿಸಲು ಗೇಟ್‌ವೇಯೇ ಬೇಕಾಗುವುದಿಲ್ಲ. ಪಿಂಗ್‌ಗೆ ಓಗೊಡದ ಪ್ರಿಂಟರ್‌ಗೆ 9100ನೇ ಟಿಸಿಪಿ ಪೋರ್ಟನ್ನು, ಕ್ಯಾಮೆರಾಗೆ 80 ಅಥವಾ 443ನ್ನು ತಟ್ಟಿ ನೋಡಬಹುದು. ಸಂಪರ್ಕವನ್ನು ನಿರಾಕರಿಸುವ ಉತ್ತರವೂ ನಮ್ಮ ಮಟ್ಟಿಗೆ ಉತ್ತರವೇ.

ಪಿಂಗ್ ಯಶಸ್ವಿಯಾಯಿತೇ ಎಂಬುದನ್ನು ಇಲ್ಲಿ ಆಧಾರವಾಗಿ ತೆಗೆದುಕೊಳ್ಳಬೇಡಿ. ಪ್ರಶ್ನೆ ಹಳೆಯ ರೂಟರ್ ಮೂಲಕ ಬಂದು ಉತ್ತರ ಫೈರ್‌ವಾಲ್ ಕಡೆಗೆ ಹೋದರೆ, ಮೂಲ ಪ್ರಶ್ನೆಯನ್ನೇ ಕಂಡಿರದ ಫೈರ್‌ವಾಲ್ ಅದನ್ನು ಬಿಸಾಡಬಹುದು. ಹಾಗೆ ವಿಫಲವಾದ ಸಾಧನವೇ ಹೊಸ ಗೇಟ್‌ವೇಯನ್ನು ಸರಿಯಾಗಿ ಬಳಸುತ್ತಿರುವ ಸಾಧನವಾಗಿರುತ್ತದೆ!

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಸೋಸಿದ ಪಟ್ಟಿಯಲ್ಲಿ ಕೆಲವು ಕ್ಯಾಮೆರಾಗಳು ಸಿಕ್ಕಿವೆ. ಆದರೆ ಮೂಲ ವಿಳಾಸ 10ರಿಂದ ಆರಂಭವಾಗುವ, ನಮ್ಮ ಸಬ್‌ನೆಟ್‌ಗೆ ಸೇರದ ಪ್ಯಾಕೆಟ್‌ಗಳೂ ವರ್ಚುವಲ್ ಮ್ಯಾಕ್‌ಗೆ ಬರುತ್ತಿವೆ. ಇವು ಎಲ್ಲಿಂದ ಬಂದಿರಬಹುದು?

ಮೂರನೆಯ ಉತ್ತರ:

ಆ ಪ್ಯಾಕೆಟ್‌ಗಳ ಮೂಲ ಮ್ಯಾಕ್ ನೋಡಿ. ಬಹುಪಾಲು ಅದು ನಿಮ್ಮ ಫೈರ್‌ವಾಲ್‌ನದೋ ಇನ್ನೊಂದು ರೂಟರ್‌ನದೋ ಆಗಿರುತ್ತದೆ, ಮತ್ತು ಅದರಲ್ಲಿ 192.168.20.1 ಅನ್ನು ನೆಕ್ಸ್ಟ್-ಹಾಪ್ (ಪ್ಯಾಕೆಟ್ ಮುಂದೆ ಹೋಗಬೇಕಾದ ರೂಟರ್) ಆಗಿ ತೋರಿಸುವ ಸ್ಟ್ಯಾಟಿಕ್ ರೂಟ್ (ಕೈಯಾರೆ ನಮೂದಿಸಿದ ದಾರಿ) ಇರುತ್ತದೆ. ಕ್ಲೈಂಟ್‌ಗಳನ್ನಷ್ಟೇ ಹುಡುಕುವಾಗ ಇದು ಸುಲಭವಾಗಿ ಕಣ್ತಪ್ಪುತ್ತದೆ. ತಪ್ಪಿದರೆ ಒಂದು ಕ್ಯಾಮೆರಾ ಅಲ್ಲ, ಒಂದು ಜಾಲವೇ ಕಡಿದುಹೋಗುತ್ತದೆ. ರೂಟರ್‌ಗಳ ಸ್ವಂತ ಇಂಟರ್‌ಫೇಸ್ ವಿಳಾಸಗಳನ್ನೇ ಗೇಟ್‌ವೇ ಎಂದು ನಮೂದಿಸಿಕೊಂಡ ಸಾಧನಗಳು ವರ್ಚುವಲ್ ಮ್ಯಾಕ್‌ನ ಸೋಸುವಿಕೆಗೆ ಸಿಗುವುದಿಲ್ಲವಾದ್ದರಿಂದ, ರೂಟರ್‌ಗಳನ್ನೇ ತೆಗೆಯುವ ಯೋಚನೆ ಇದ್ದರೆ ಆ ಮ್ಯಾಕ್‌ಗಳನ್ನೂ ಸೇರಿಸಿ ಪರೀಕ್ಷಿಸಬೇಕು.

ಹಳೆಯ ಗೇಟ್‌ವೇಯನ್ನು ತೆಗೆಯುವಾಗ ಅದರ ಸಂರಚನೆಯನ್ನು ಅಳಿಸದೆ, ಎರಡೂ ರೂಟರ್‌ಗಳಲ್ಲಿ ಆ ಗುಂಪನ್ನು ನಿಷ್ಕ್ರಿಯಗೊಳಿಸಿ. ಒಂದರಲ್ಲಿ ಮಾತ್ರ ನಿಲ್ಲಿಸಿದರೆ ಇನ್ನೊಂದು ಮಾಸ್ಟರ್ ಆಗಿ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಆಮೇಲೆ ವಿಲ್ಯಾನ್‌ನ ಯಾವುದೇ ಪೋರ್ಟ್‌ನಲ್ಲಿ ಕುಳಿತು 192.168.20.1 ಯಾರು ಎಂದು ಕೇಳುವ ಎಆರ್‌ಪಿ ಪ್ರಸಾರಗಳನ್ನು ಸಂಗ್ರಹಿಸಿ. ವಿಳಾಸ ಜೀವಂತವಿರುವಾಗ ಅನೇಕ ಸಾಧನಗಳು ತಮ್ಮ ನಮೂದನ್ನು ನೇರ ಯುನಿಕಾಸ್ಟ್ (ಒಂದೇ ಸಾಧನಕ್ಕೆ ಕಳುಹಿಸುವ ಸಂದೇಶ) ಮೂಲಕ ನವೀಕರಿಸಿಕೊಳ್ಳುವುದರಿಂದ ಈ ಪ್ರಸಾರಗಳು ವಿರಳ. ಉತ್ತರ ಸಿಗದೇ ಹೋದಾಗ ಅವು ಮತ್ತೆ ಮತ್ತೆ ಕೂಗತೊಡಗುತ್ತವೆ, ಮಿರರ್ ಪೋರ್ಟ್ ಇಲ್ಲದೆಯೇ ಕೇಳಿಸುತ್ತವೆ. ತಿಂಗಳಿಗೊಮ್ಮೆ ನಡೆಯುವ ಬ್ಯಾಕಪ್ ಅಥವಾ ವರದಿಯ ಕೆಲಸ ಒಂದಾದರೂ ಮುಗಿಯುವವರೆಗೆ ಗುಂಪನ್ನು ಅಳಿಸಬೇಡಿ, ಆ ವಿಳಾಸವನ್ನು ಬೇರೆ ಯಾವ ಸಾಧನಕ್ಕೂ ಕೊಡಬೇಡಿ.