ಕೀ ಒತ್ತಿದ್ರೂ ಅಕ್ಷರ ಬರ್ತಿಲ್ಲ, ಗಟ್ಟಿಯಾಗಿ ಒತ್ತಿದ್ರೆ ಮಾತ್ರ ಬರುತ್ತೆ. ಮೌಸೂ ಸರಿ ಇಲ್ಲ

#1 ಅರ್ಧವಿರಾಮ
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಅಮ್ಮನಿಗೆ ಟೈಪಿಂಗ್ ಹೇಳಿಕೊಡ್ತಿದೀನಿ. ಮೊನ್ನೆ ತನಕ ಎಲ್ಲ ಸರಿ ಇತ್ತು. ಈಗ ಹತ್ತು ಸಲ ಒತ್ತಿದ್ರೆ ಒಂದು ಅಕ್ಷರ ಬಿದ್ರೆ ಪುಣ್ಯ. ಗಟ್ಟಿಯಾಗಿ ಒತ್ತಿದ್ರೆ ಬರುತ್ತೆ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಪ್ರಯೋಜನ ಇಲ್ಲ. ಸಾಲದ್ದಕ್ಕೆ ಮೌಸ್ ಕೂಡ: ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ತೆರೆಯಲ್ಲ, ಹೆಸರು ನೀಲಿ ಆಗಿ ಕರ್ಸರ್ ಮಿಣುಕ್ತಾ ಕೂರುತ್ತೆ. ಎರಡೂ ಒಟ್ಟಿಗೆ ಹಾಳಾಗುತ್ತಾ? ಹೊಸ ಸೆಟ್ ತಗೊಳ್ಳೋದೇ ದಾರಿನಾ?

#2 ಯಂತ್ರಮಿತ್ರ
ಡೋಮ್ ಸವೆದಿದೆ. ಅಗ್ಗದ ಕೀಬೋರ್ಡ್‌ಗಳಲ್ಲಿ ಕೀ ಕೆಳಗೆ ಡೋಮ್ ಅನ್ನೋ ರಬ್ಬರ್ ಗುಬುಟು ಇರುತ್ತೆ, ಅದರ ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ. ಮಧ್ಯದ ಹಾಳೆಯಲ್ಲಿ ತೂತು. ಒತ್ತಿದಾಗ ಮೇಲಿನ ಹಾಳೆ ಆ ತೂತಿನೊಳಗೆ ಬಗ್ಗಿ ಕೆಳಗಿನದಕ್ಕೆ ತಾಗಿದ್ರೆ ಅಕ್ಷರ. ಧೂಳೋ, ಚೆಲ್ಲಿದ್ದ ಕಾಫಿಯ ಅಂಟೋ ಸೇರಿಕೊಂಡ್ರೆ ಸರಿಯಾಗಿ ತಾಗಲ್ಲ, ಗಟ್ಟಿ ಒತ್ತಬೇಕಾಗುತ್ತೆ. ಕೇಬಲ್ ಕಿತ್ತು, ಮಗುಚಿ ಹಾಕಿ ತಟ್ಟಿ. ಕೀಕ್ಯಾಪ್ (ಕೀ ಮೇಲಿನ ಟೋಪಿ) ಎಬ್ಬಿಸಿ ಶೇಕಡ 90ರ ಮೇಲಿನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸಿ. ಕೀಕ್ಯಾಪ್ ತೆಗೆಯೋಕೆ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಯಾವುದು ಎಲ್ಲಿತ್ತು ಅಂತ ಪರದಾಡ್ತೀರ.

#3 ಒತ್ತಕ್ಷರ
ಬಿಚ್ಚೋಕೆ ಮುಂಚೆ ನಾಲ್ಕು ಪ್ರಶ್ನೆ. ಡೆಸ್ಕ್‌ಟಾಪಾ, ಲ್ಯಾಪ್‌ಟಾಪಾ? ವೈರಾ, ವೈರ್‌ಲೆಸ್ಸಾ? ಯಾವ ವಿಂಡೋಸ್? ಎಲ್ಲ ಕೀಗೂ ಹೀಗೇನಾ, ಕೆಲವಕ್ಕೆ ಮಾತ್ರಾನಾ?

#4 ಯಂತ್ರಮಿತ್ರ
ಅದೆಲ್ಲ ಕೇಳೋ ಅಗತ್ಯನೇ ಇಲ್ಲ. "ಗಟ್ಟಿಯಾಗಿ ಒತ್ತಿದ್ರೆ ಬರುತ್ತೆ" ಅಂದಮೇಲೆ ಅದು ಡೋಮೇ.

#5 ಅರ್ಧವಿರಾಮ
ಡೆಸ್ಕ್‌ಟಾಪ್, ವೈರ್ ಇರೋ ಯುಎಸ್‌ಬಿ, ವಿಂಡೋಸ್ 11. ಎಲ್ಲ ಕೀಗೂ ಹೀಗೇ. ಎರಡು ಗಂಟೆ ಕೂತು ಒರೆಸಿದೆ, ಸ್ಪೇಸ್‌ಬಾರಿನ ತಂತಿ ವಾಪಸ್ ಕೂರಿಸೋಕೇ ಅರ್ಧ ಗಂಟೆ ಹಿಡೀತು. ಕೀಬೋರ್ಡ್ ಫಳಫಳ ಹೊಳೀತಿದೆ, ಅಕ್ಷರ ಮಾತ್ರ ಬರ್ತಿಲ್ಲ. ಇದೇ ಕೀಬೋರ್ಡನ್ನ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಬೆಣ್ಣೆ ಥರ ಕೆಲಸ ಮಾಡುತ್ತೆ.

#6 ಯಂತ್ರಮಿತ್ರ
ಹಾಗಾದ್ರೆ ಪೋರ್ಟ್. ಮುಂದಿನ ಪೋರ್ಟ್ ಬಿಡಿ, ಹಬ್ ಇದ್ರೆ ತೆಗೀರಿ, ಹಿಂದೆ ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ.

#7 ನೇರಳೆಬೀಜ
ರಬ್ಬರ್ ಡೋಮ್ ಸಹವಾಸನೇ ಬೇಡ ಗುರು. ಮೆಕ್ಯಾನಿಕಲ್‌ಗೆ (ಪ್ರತಿ ಕೀಗೂ ಬೇರೆ ಸ್ವಿಚ್ ಇರೋ ಕೀಬೋರ್ಡ್) ಬನ್ನಿ. ನಂದು 60 ಶೇಕಡ ಲೇಔಟ್, ರೆಡ್ ಸ್ವಿಚ್: 45 ಗ್ರಾಂ ಒತ್ತಡ, 4 ಮಿಲಿಮೀಟರ್ ಓಟದಲ್ಲಿ 2ಕ್ಕೇ ಅಕ್ಷರ ಬೀಳುತ್ತೆ, ತಳ ಮುಟ್ಟೋದೇ ಬೇಡ. ಸ್ಟೆಬಿಲೈಸರ್‌ಗೆ ಗ್ರೀಸ್ ಹಾಕಿದೀನಿ, ಸ್ಪೇಸ್‌ಬಾರ್ ಸದ್ದು ಕೇಳಿದ್ರೆ ಮಲಗಿಬಿಡ್ತೀರ.

#8 ಗರಿಕೆ
ನೇರಳೆಬೀಜ ಅವರೇ, ಕಲಿಯೋವ್ರಿಗೆ ರೆಡ್ ಸ್ವಿಚ್ ಕೊಡೋದು ಕಾಟ ಕೊಟ್ಟ ಹಾಗೆ. ಅವರು ಬೆರಳನ್ನ ಕೀ ಮೇಲೆ ಭಾರ ಬಿಟ್ಟು ಇಡ್ತಾರೆ, 45 ಗ್ರಾಮಿಗೆ ಸುಮ್ನೆ ಇಟ್ಟ ಬೆರಳೂ ಅಕ್ಷರ ಹೊಡೆಯುತ್ತೆ. ಕಲಿಯೋಕೆ ಟಕ್ ಅಂತ ಸದ್ದು ಮಾಡೋ ಬ್ಲೂ ಸ್ವಿಚ್ ಒಳ್ಳೇದು, ಅಕ್ಷರ ಬಿತ್ತು ಅಂತ ಕಿವಿಗೇ ಗೊತ್ತಾಗುತ್ತೆ. 60 ಶೇಕಡದಲ್ಲಿ ಬಾಣದ ಕೀಗಳೂ ಇರಲ್ಲ, ಪಾಪ ಹೊಸಬರು ಅದನ್ನ ಎಲ್ಲಿ ಹುಡುಕಬೇಕು?

#9 ನೇರಳೆಬೀಜ
ಬ್ಲೂ ಹಾಕಿದ್ರೆ ಮನೆಯವರೆಲ್ಲ ಎದ್ದು ಕೂರ್ತಾರೆ.

#10 ಒತ್ತಕ್ಷರ
ಸ್ವಿಚ್ ಜಗಳ ಬೇರೆ ಚರ್ಚೆಯಲ್ಲಿ ಆಡ್ಕೊಳ್ಳಿ. ಅರ್ಧವಿರಾಮ, ಬೇರೆ ಕಂಪ್ಯೂಟರಲ್ಲಿ ಸರಿ ಇದೆ ಅಂದ್ರೆ ಕೀಬೋರ್ಡ್ ಸರಿ ಇದೆ. ಎಲ್ಲ ಕೀಗೂ ಒಂದೇ ರೋಗ, ಹಾಗಾಗಿ ಧೂಳೂ ಅಲ್ಲ; ಧೂಳಾಗಿದ್ರೆ ನಾಲ್ಕು ಕೀ ಹಾಳಾಗಿ ಉಳಿದವು ಚೆನ್ನಾಗಿರ್ತಿತ್ತು. ಪೋರ್ಟ್ ಅನುಮಾನ ಇದ್ರೆ ಬಯೋಸ್ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ತೆರೆ) ಒಳಗೆ ಹೋಗಿ ಬಾಣದ ಕೀ ಒತ್ತಿ. ಅಲ್ಲಿ ತಕ್ಷಣ ಚಲಿಸಿದ್ರೆ ಪೋರ್ಟ್ ಕೂಡ ಪಾರು, ತೊಂದರೆ ಇರೋದು ವಿಂಡೋಸ್ ಒಳಗೇ.

ಈಗ ನಿಜವಾದ ಪ್ರಶ್ನೆ: *ಗಟ್ಟಿಯಾಗಿ* ಒತ್ತಿದ್ರೆ ಬರುತ್ತಾ, *ಹೊತ್ತು ಹಿಡಿದು* ಒತ್ತಿದ್ರೆ ಬರುತ್ತಾ? ಗಟ್ಟಿ ಒತ್ತೋವಾಗ ಬೆರಳು ತಾನಾಗೇ ಹೆಚ್ಚು ಹೊತ್ತು ನಿಲ್ಲುತ್ತೆ, ಅದರಿಂದ ಎರಡೂ ಒಂದೇ ಅನ್ನಿಸುತ್ತೆ. ಹೀಗೆ ನೋಡಿ. ನೋಟ್‌ಪ್ಯಾಡ್ ತೆಗೆದು ಒಂದು ಕೀಯನ್ನ ಸುತ್ತಿಗೆಯಲ್ಲಿ ಹೊಡೆದ ಹಾಗೆ ಜೋರಾಗಿ, ಆದ್ರೆ ಚಕ್ಕಂತ ಹೊಡೀರಿ. ಆಮೇಲೆ ಅದೇ ಕೀಯನ್ನ ಮೆತ್ತಗೆ ತಳ ಮುಟ್ಟಿಸಿ, ಒಂದು, ಎರಡು ಅಂತ ಎಣಿಸಿ ಬಿಡಿ. ಹಾಗೇ ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಪಕ್ಕ ಸ್ಟಾಪ್‌ವಾಚ್ ಥರದ ಚಿತ್ರ ಇದೆಯಾ ನೋಡಿ.

#11 ಅರ್ಧವಿರಾಮ
ಅಯ್ಯೋ ಹೌದು. ಜೋರಾಗಿ ಹೊಡೆದ್ರೆ ಬರಲ್ಲ, ಮೆತ್ತಗೆ ಹಿಡಿದ್ರೆ ಬರುತ್ತೆ! ಸ್ಟಾಪ್‌ವಾಚೂ ಇದೆ. ಈಗ ನೆನಪಾಯ್ತು, ಮೊನ್ನೆ ಬೀಪ್ ಅಂತ ಸದ್ದು ಬಂದು ಏನೋ ಪೆಟ್ಟಿಗೆ ಬಂದಿತ್ತಂತೆ, ಅಮ್ಮ ಎಂಟರ್ ಒತ್ತಿದ್ರಂತೆ. ಇದೇನಿದು?

#12 ಒತ್ತಕ್ಷರ
ಫಿಲ್ಟರ್ ಕೀಸ್. ಬಲಗಡೆ ಶಿಫ್ಟನ್ನ 8 ಸೆಕೆಂಡ್ ಹಿಡಿದಿದ್ದಾರೆ. ಟೈಪ್ ಮಾಡ್ತಿರೋದು ಯಾವ ಭಾಷೆಯಲ್ಲಿ?

#13 ಅರ್ಧವಿರಾಮ
ಕನ್ನಡದಲ್ಲೇ, ನುಡಿ ತಂತ್ರಾಂಶದಲ್ಲಿ. ಅದನ್ನೂ ಹೇಳಬೇಕಿತ್ತಾ? ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಅಂತ ಸರಿಯಾಗೇ ಕಲಿಸಿದೀನಿ.

#14 ಒತ್ತಕ್ಷರ
ಹೇಳಬೇಕಿತ್ತು, ಗುಟ್ಟು ಇರೋದೇ ಅಲ್ಲಿ. ನುಡಿಯ ಕಗಪ ಕೀ ವಿನ್ಯಾಸದಲ್ಲಿ ಆ, ಏ ಎರಡೂ ಶಿಫ್ಟ್ ಜೊತೆ ಇಂಗ್ಲಿಷಿನ ಎ, ಇ ಕೀಗಳಲ್ಲಿವೆ. ವ್ಯಂಜನದ ನಂತರ ಅವೇ ದೀರ್ಘವಾಗುತ್ತವೆ. ಥ, ಧ, ಶ ಕೂಡ ಶಿಫ್ಟ್ ಜೊತೆ ಟಿ, ಡಿ, ಎಸ್. ಎಲ್ಲವೂ ಎಡಗೈ ಕೀಗಳು. ಅಂದ್ರೆ ನೀವು ಕಲಿಸಿದ ನಿಯಮದ ಪ್ರಕಾರ ಪ್ರತಿ ಸಲವೂ ಬಲ ಶಿಫ್ಟೇ. "ಶಾಲೆ" ಅನ್ನೋ ಪದದಲ್ಲೇ ಎರಡು ಸಲ. ಹೊಸಬರು ಏನು ಮಾಡ್ತಾರೆ? ಶಿಫ್ಟ್ ಮೊದಲು ಒತ್ತಿ ಹಿಡಿದು, ಎಸ್ ಎಲ್ಲಿದೆ ಅಂತ ಆಮೇಲೆ ಹುಡುಕ್ತಾರೆ. ಹುಡುಕೋದರೊಳಗೆ 8 ಸೆಕೆಂಡ್ ಆಗಿರುತ್ತೆ. ಬೀಪ್, ಪೆಟ್ಟಿಗೆ, ಓದದೇ ಎಂಟರ್. ಮುಗೀತು.

ಇದು ದೋಷ ಅಲ್ಲ, ಕೈ ನಡುಗೋವ್ರಿಗೆ ಅಂತ ಮಾಡಿರೋ ಸೌಲಭ್ಯ. ಶಾರ್ಟ್‌ಕಟ್‌ನಿಂದ ಆನ್ ಆದ್ರೆ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಒತ್ತಿದ ಕೀಯನ್ನ ವಿಂಡೋಸ್ ಲೆಕ್ಕಕ್ಕೇ ತಗೊಳ್ಳಲ್ಲ. ರೀಸ್ಟಾರ್ಟ್ ಮಾಡಿದ್ರೂ ಹೋಗಲ್ಲ, ಅದು ಉಳಿದುಕೊಳ್ಳೋ ಸೆಟ್ಟಿಂಗ್.

ತೆಗೆಯೋದು ಮೌಸಲ್ಲೇ ಮಾಡಿ, ಶಾರ್ಟ್‌ಕಟ್ ಕೀಗಳೂ ಈಗ ತಡವಾಗೇ ಬೀಳ್ತವೆ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್. ಅಲ್ಲಿ ಫಿಲ್ಟರ್ ಕೀಸ್ ಆಫ್. ಅಷ್ಟಕ್ಕೇ ಬಿಟ್ರೆ ನಾಳೆ ಮತ್ತೆ ಇದೇ ಕಥೆ. ಅದೇ ಸಾಲನ್ನ ಒತ್ತಿ ಒಳಗೆ ಹೋಗಿ ಅದರ ಕೀಬೋರ್ಡ್ ಶಾರ್ಟ್‌ಕಟ್ಟನ್ನೂ ಆಫ್ ಮಾಡಿ. ಪಕ್ಕದಲ್ಲೇ ಸ್ಟಿಕಿ ಕೀಸ್ ಇದೆ (ಶಿಫ್ಟ್ ಐದು ಸಲ ಒತ್ತಿದ್ರೆ ಬರೋದು), ಟಾಗಲ್ ಕೀಸ್ ಇದೆ (ನಮ್ ಲಾಕ್ 5 ಸೆಕೆಂಡ್ ಹಿಡಿದ್ರೆ ಬರೋದು). ಅವುಗಳ ಶಾರ್ಟ್‌ಕಟ್ಟೂ ತೆಗೀರಿ. ವಿಂಡೋಸ್ 10 ಆದ್ರೆ ಆಕ್ಸೆಸಿಬಿಲಿಟಿ ಬದಲು ಈಸ್ ಆಫ್ ಆಕ್ಸೆಸ್ ಅಂತ ಇರುತ್ತೆ.

ಕಲಿಸೋ ಕ್ರಮವನ್ನೂ ತಿರುಗಿಸಿ. ಮೊದಲು ಎಸ್ ಹುಡುಕಿ ಬೆರಳನ್ನ ಅದರ ಮೇಲೆ ಇಡಬೇಕು, ಆಮೇಲೆ ಬಲ ಕಿರುಬೆರಳಲ್ಲಿ ಶಿಫ್ಟ್, ಆಮೇಲೆ ಎಸ್ ಒಂದು ತಟ್ಟು, ಎರಡೂ ಬಿಡು.

#15 ಬರಹಗೋಲು
ಇದಕ್ಕೇ ಹೇಳೋದು ಇನ್‌ಸ್ಕ್ರಿಪ್ಟ್ ಕಲಿಸಿ ಅಂತ. ಅದು ಕನ್ನಡದ ಇನ್ನೊಂದು ಕೀ ವಿನ್ಯಾಸ, ಅಲ್ಲಿ ಕಾಗುಣಿತದ ಹೆಚ್ಚಿನ ಸ್ವರಚಿಹ್ನೆಗಳು ಎಡಗೈಯಲ್ಲಿ ಶಿಫ್ಟ್ ಇಲ್ಲದೇ ಇವೆ. "ಕಾ" ಥರದ ದೀರ್ಘ ಬೇಕಾದ್ರೆ ಇಂಗ್ಲಿಷಿನ ಇ ಕೀ ಒಂದೇ ಸಾಕು. ಮಹಾಪ್ರಾಣಕ್ಕೆ ಶಿಫ್ಟ್ ಬೇಕು, ಆದ್ರೆ ಕ-ಖ, ತ-ಥ, ದ-ಧ ಎಲ್ಲ ಬಲಗೈ ಕೀಗಳು, ಹಾಗಾಗಿ ಎಡ ಶಿಫ್ಟ್. ಎಡ ಶಿಫ್ಟನ್ನ ಎಷ್ಟು ಹೊತ್ತು ಹಿಡಿದ್ರೂ ಫಿಲ್ಟರ್ ಕೀಸ್ ಬರಲ್ಲ.

#16 ಗರಿಕೆ
ಸ್ವರಾಕ್ಷರ? ಇನ್‌ಸ್ಕ್ರಿಪ್ಟಲ್ಲಿ ಅ ಬರೆಯೋಕೂ ಶಿಫ್ಟ್ ಹಿಡಿದು ಡಿ ಒತ್ತಬೇಕು. "ಅಮ್ಮ" ಅಂತ ಬರೆಯೋಕೆ ಮೊದಲ ಅಕ್ಷರಕ್ಕೇ ಬಲ ಶಿಫ್ಟ್. ಕಗಪದಲ್ಲಿ ಎ ಒತ್ತಿದ್ರೆ ಅ, ಕೆ ಒತ್ತಿದ್ರೆ ಕ. ಇಂಗ್ಲಿಷ್ ಅಚ್ಚಿರೋ ಕೀಬೋರ್ಡ್ ಎದುರಿಗಿದ್ರೆ ಕೀ ನೋಡಿಕೊಂಡೇ ಬರೀಬಹುದು. ಇನ್‌ಸ್ಕ್ರಿಪ್ಟಿಗೆ ಸ್ಟಿಕರ್ ಅಂಟಿಸಬೇಕು.

#17 ಬರಹಗೋಲು
ಕೀ ನೋಡಿಕೊಂಡು ಬರೆಯೋದು ಕಲಿಕೆನೇ ಅಲ್ಲ. ಎಫ್, ಜೆ ಮೇಲೆ ಉಬ್ಬುಗೆರೆ ಯಾಕಿದೆ? ತೋರುಬೆರಳು ಅಲ್ಲಿ ಕೂತ್ರೆ ಕಣ್ಣು ತೆರೆ ಮೇಲಿರಬೇಕು.

#18 ಗರಿಕೆ
ಮೂರನೇ ದಿನಕ್ಕೇ ಕಣ್ಣು ತೆರೆ ಮೇಲೆ ಅಂದ್ರೆ ನಾಲ್ಕನೇ ದಿನ ಕಂಪ್ಯೂಟರ್ ಮುಚ್ಚಿಟ್ಟು ಎದ್ದುಹೋಗ್ತಾರೆ ಸ್ವಾಮಿ. ಶಿಫ್ಟ್ ಹಿಡಿಯೋದೇ ಕಷ್ಟ ಅಂದ್ರೆ ಸ್ಟಿಕಿ ಕೀಸ್ ಆನ್ ಮಾಡಿಕೊಡಿ. ಶಿಫ್ಟ್ ಒಂದು ಸಲ ತಟ್ಟಿ ಬಿಟ್ರೆ ಮುಂದಿನ ಒಂದು ಕೀಗೆ ಅನ್ವಯ, ಎರಡು ಸಲ ತಟ್ಟಿದ್ರೆ ಬೀಗ, ಮೂರನೇ ಸಲಕ್ಕೆ ಬಿಡುಗಡೆ.

#19 ಒತ್ತಕ್ಷರ
ಕೈನೋವು ಇರೋವ್ರಿಗೆ ಸ್ಟಿಕಿ ಕೀಸ್ ಸರಿ. ಹೊಸಬರಿಗೆ ಬೇಡ. ಎರಡು ಸಲ ತಟ್ಟಿ ಬೀಗ ಬಿದ್ರೆ ಆಮೇಲೆ ಬರೆದಿದ್ದೆಲ್ಲ ಮಹಾಪ್ರಾಣ, ಯಾಕೆ ಅಂತ ಅವರಿಗೆ ತಿಳಿಯಲ್ಲ. ಅದಕ್ಕೇ ಮೇಲೆ ಅದರ ಶಾರ್ಟ್‌ಕಟ್ಟೂ ತೆಗೀರಿ ಅಂದಿದ್ದು.

#20 ಇಲಿಬಾಲ
ಮೌಸ್ ಪ್ರಶ್ನೆ ಎಲ್ಲರೂ ಮರೆತೇಬಿಟ್ರಿ. ಅದೂ ಹಾಳಾಗಿಲ್ಲ. ಎರಡು ಕ್ಲಿಕ್ ಅರ್ಧ ಸೆಕೆಂಡಿನೊಳಗೆ (500 ಮಿಲಿಸೆಕೆಂಡ್) ಬೀಳಬೇಕು, ನಡುವೆ ಬಾಣ ನಾಲ್ಕೈದು ಪಿಕ್ಸೆಲ್ ಕೂಡ ಸರಿಯಬಾರದು. ತಡ ಆದ್ರೆ ಅದು ಡಬಲ್ ಕ್ಲಿಕ್ ಅಲ್ಲ, ಬಿಡಿ ಬಿಡಿ ಎರಡು ಕ್ಲಿಕ್. ಮೊದಲನೇದು ಫೋಲ್ಡರನ್ನ ಆಯ್ಕೆ ಮಾಡುತ್ತೆ, ಎರಡನೇದು ಹೆಸರಿನ ಮೇಲೆ ಬಿದ್ರೆ "ಹೆಸರು ಬದಲಿಸ್ತೀರಾ" ಅಂತ ನೀಲಿ ಆಗುತ್ತೆ. ಆಗ ಎಸ್ಕೇಪ್ ಒತ್ತಿ, ಬೇರೇನೂ ಒತ್ತಬೇಡಿ, ಒತ್ತಿದ್ದೇ ಹೊಸ ಹೆಸರಾಗುತ್ತೆ.

ಅಮ್ಮನ ಕೈ ನೋಡಿ. ಕ್ಲಿಕ್ ಮಾಡೋವಾಗ ಇಡೀ ಅಂಗೈ ಮೇಲೆದ್ದು ಬೀಳ್ತಿದ್ರೆ ಮೌಸ್ ಜಾರುತ್ತೆ. ಮಣಿಕಟ್ಟಿನ ಬುಡ ಮೇಜಿನ ಮೇಲೆ, ಹೆಬ್ಬೆರಳು ಮತ್ತು ಕಿರುಬೆರಳು ಎರಡು ಪಕ್ಕ ಹಿಡಿದಿರಲಿ, ತೋರುಬೆರಳು ಬಟನ್ ಬಿಟ್ಟು ಏಳದೇ ತುದಿ ಮಾತ್ರ ಟಕಟಕ ಆಡಲಿ. ಕ್ಲಿಕ್ ಚಿತ್ರದ ಮೇಲೆ ಮಾಡಿಸಿ, ಹೆಸರಿನ ಮೇಲೆ ಬೇಡ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಮೇನ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷಲ್ಲಿ ಕೊಟ್ರೆ ಮೌಸ್ ಪ್ರಾಪರ್ಟೀಸ್ ತೆರೆಯುತ್ತೆ. ಮೊದಲ ಟ್ಯಾಬಿನಲ್ಲಿ ಡಬಲ್ ಕ್ಲಿಕ್ ವೇಗದ ಪಟ್ಟಿಯನ್ನ ಪೂರ್ತಿ ಎಡಕ್ಕೆ ಎಳೀರಿ, ಅವಧಿ 900 ಮಿಲಿಸೆಕೆಂಡ್ ಆಗುತ್ತೆ. ಪಕ್ಕದ ಫೋಲ್ಡರ್ ಚಿತ್ರದ ಮೇಲೆ ಅಲ್ಲೇ ಅಭ್ಯಾಸ ಮಾಡಿಸಿ. ಪಾಯಿಂಟರ್ ಆಪ್ಶನ್ಸ್ ಟ್ಯಾಬಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಟಿಕ್ ತೆಗೀರಿ. ಅದು ಇದ್ರೆ ಕೈ ಒಂದೇ ದೂರ ಸರಿದ್ರೂ ವೇಗಕ್ಕೆ ತಕ್ಕಂತೆ ಬಾಣ ಒಮ್ಮೆ ಹತ್ತಿರ, ಒಮ್ಮೆ ದೂರ ಹೋಗುತ್ತೆ, ಕೈಗೆ ಅಂದಾಜೇ ಸಿಗಲ್ಲ. ಕೆಳಗೆ ಕಂಟ್ರೋಲ್ ಒತ್ತಿದಾಗ ಬಾಣ ಎಲ್ಲಿದೆ ತೋರಿಸೋ ಆಯ್ಕೆ ಇದೆ, ಅದನ್ನ ಆನ್ ಮಾಡಿ. ಇಷ್ಟಾದ್ರೂ ಡಬಲ್ ಕ್ಲಿಕ್ ಬರ್ಲಿಲ್ಲ ಅಂದ್ರೆ ಬಿಟ್ಟಾಕಿ. ಒಂದು ಕ್ಲಿಕ್, ಒಂದು ಎಂಟರ್. ಅದೂ ತೆರೆಯುತ್ತೆ.

#21 ನೇರಳೆಬೀಜ
ಪ್ರಿಸಿಶನ್ ತೆಗೆಯೋದು ಆಟ ಆಡೋವ್ರಿಗೆ. ಸಾಮಾನ್ಯ ಜನಕ್ಕೆ ಅದು ಇರಬೇಕು, ಸಣ್ಣ ಬಟನ್ ಮುಟ್ಟೋಕೆ ಸುಲಭ. ನಾನಂತೂ 800 ಡಿಪಿಐ, 54 ಗ್ರಾಂ ಮೌಸ್, ಬಟ್ಟೆ ಪ್ಯಾಡ್.

#22 ಇಲಿಬಾಲ
ನಿಮ್ಮ 54 ಗ್ರಾಂ ಇಲ್ಲಿ ಯಾರು ಕೇಳಿದ್ರು? ಪ್ಯಾಡ್ ವಿಷಯ ಮಾತ್ರ ಸರಿ. ಗಾಜಿನ ಮೇಜಾದ್ರೆ ಆಪ್ಟಿಕಲ್ ಮೌಸ್ ದಾರಿ ತಪ್ಪುತ್ತೆ, ಕೆಳಗೊಂದು ಕಾಗದ ಹಾಸಿದ್ರೂ ಸಾಕು. ಇನ್ನೊಂದು, ಮೌಸ್ ಮೇಜಿನ ಅಂಚಿಗೆ ಬಂದ್ರೆ ಎತ್ತಿ ಮಧ್ಯಕ್ಕೆ ಇಡಬಹುದು, ಬಾಣ ಇದ್ದಲ್ಲೇ ಇರುತ್ತೆ ಅನ್ನೋದನ್ನ ಬಾಯಿಬಿಟ್ಟು ಹೇಳಿ. ಯಾರೂ ಹೇಳಲ್ಲ ಅದನ್ನ. ಅಭ್ಯಾಸಕ್ಕೆ ಸಾಲಿಟೇರ್ ಒಳ್ಳೇದು, ಎಳೆದು ಬಿಡೋದು ತಾನಾಗೇ ಕೈಗೆ ಹತ್ತುತ್ತೆ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದಿದ್ದು, ಇವತ್ತಿಗೂ ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಕ್ಕಿಲ್ಲ.

#23 ಅರ್ಧವಿರಾಮ
ಫಿಲ್ಟರ್ ಕೀಸ್ ತೆಗೆದೆ, ಸ್ಟಾಪ್‌ವಾಚ್ ಹೋಯ್ತು, ತಟ್ಟಿದ ಕೂಡಲೇ ಅಕ್ಷರ ಬರ್ತಿದೆ. ಫೋಲ್ಡರೂ ಐದರಲ್ಲಿ ನಾಲ್ಕು ಸಲ ತೆರೆಯುತ್ತೆ. ಆದ್ರೆ ಈಗ ಉಲ್ಟಾ: ಅಮ್ಮ ಕ ಒತ್ತಿದ್ರೆ ಕಕಕಕಕ ಅಂತ ಬರುತ್ತೆ.

#24 ಒತ್ತಕ್ಷರ
ಎರಡು ದಿನ ಹಿಡಿದು ಒತ್ತಿ ಅಭ್ಯಾಸ ಆಗಿದೆಯಲ್ಲ, ಅದರ ಫಲ. ವಿಂಡೋಸ್ ಕೀ ಜೊತೆ ಆರ್, ಕಂಟ್ರೋಲ್ ಕೀಬೋರ್ಡ್ ಅಂತ ಇಂಗ್ಲಿಷಲ್ಲಿ ಕೊಡಿ. ರಿಪೀಟ್ ಡಿಲೇ ಪಟ್ಟಿ ಪೂರ್ತಿ ಲಾಂಗ್ ಕಡೆಗೆ. ಆಗ ಒಂದು ಸೆಕೆಂಡ್ ಹಿಡಿಯೋ ತನಕ ಎರಡನೇ ಕ ಬೀಳಲ್ಲ. ರಿಪೀಟ್ ರೇಟ್ ನಿಧಾನದ ಕಡೆಗೆ, ಹೆಚ್ಚು ಬಿದ್ದಿದ್ದನ್ನ ಬ್ಯಾಕ್‌ಸ್ಪೇಸಲ್ಲಿ ಅಳಿಸೋವಾಗ ಇಡೀ ಸಾಲು ನುಂಗದ ಹಾಗೆ. ಕೈ ಪಳಗಿದ ಮೇಲೆ ವಾಪಸ್ ಮಾಡಿ.

#25 ಯಂತ್ರಮಿತ್ರ
ಆದ್ರೂ ಹಿಂದಿನ ಪೋರ್ಟಿಗೇ ಹಾಕೋದು ಒಳ್ಳೇದು.

#26 ಚಿಕ್ಕಚುಕ್ಕಿ
ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಲ್ಯಾಪ್‌ಟಾಪಲ್ಲಿ ಜೆ ಒತ್ತಿದ್ರೆ 1, ಯು ಒತ್ತಿದ್ರೆ 4 ಬರ್ತಿದೆ. ಎಡಗೈ ಕೀಗಳೆಲ್ಲ ಸರಿ ಇವೆ. ಏನು ಮಾಡಲಿ?

#27 ಯಂತ್ರಮಿತ್ರ
ಕೀಕ್ಯಾಪ್ ತೆಗೆದು ನೋಡಿ. ಒಳಗೆ ಏನಾದ್ರೂ ಚೆಲ್ಲಿರುತ್ತೆ.

#28 ಒತ್ತಕ್ಷರ
ಏನೂ ತೆಗೀಬೇಡಿ. ನಮ್ ಲಾಕ್ ಆನ್ ಆಗಿದೆ, ಅದಕ್ಕೇ ಬಲಗೈ ಕೀಗಳು ಅಂಕಿ ಕೀಗಳಾಗಿವೆ. ಎಫ್‌ಎನ್ ಹಿಡಿದು ನಮ್ ಲಾಕ್ ಅಂತ ಅಚ್ಚಿರೋ ಕೀ ಒತ್ತಿ.